ಕಂತು ಕೇಳಬೇಡ, ಒಟ್ಟು ಕೇಳು

ಮಗಾ,

ಮದುವೆಯ ಗಡಿಬಿಡಿಯಲ್ಲಿ ನಿನ್ನ ಹತ್ತಿರ ಕೂತು ಮಾತಾಡಲು ಆಗಲಿಲ್ಲ. ಈಗ ನೀವಿಬ್ಬರೂ ಬೆಂಗಳೂರಿನಲ್ಲಿ ಸಂಸಾರ ಹೂಡಿದ್ದೀರಿ, ಇಬ್ಬರಿಗೂ ಸಂಬಳ ಬರುತ್ತದೆ, ನನಗೆ ಸಂತೋಷ. ಮೊನ್ನೆ ಫೋನಿನಲ್ಲಿ ನೀನು, ‘ಅಜ್ಜಾ, ಕಾರು ತಗೊಳ್ಳೋಣ ಅಂತಿದ್ದೇವೆ, ತಿಂಗಳಿಗೆ ಹದಿನೆಂಟು ಸಾವಿರ ಕಟ್ಟಿದರೆ ಸಾಕಂತೆ’ ಎಂದೆಯಲ್ಲ, ಎಷ್ಟು ತಿಂಗಳು ಎಂದು ಹೇಳಲಿಲ್ಲ. ಏಳು ವರ್ಷವಾದರೆ ಅದು 15,12,000 ರೂಪಾಯಿ. ಕಾರಿನ ಬೆಲೆಯ ಪಕ್ಕದಲ್ಲಿ ಈ ಅಂಕಿಯನ್ನು ಬರೆದು ನೋಡು. ಆಮೇಲೂ ಬೇಕು ಅನ್ನಿಸಿದರೆ ತೆಗೆದುಕೊಳ್ಳಿ, ನಾನು ಬೇಡ ಎನ್ನುವುದಿಲ್ಲ.

ಸಾಲ ಮಾರುವವರು ಯಾವಾಗಲೂ ಕಂತನ್ನೇ ಮುಂದಿಡುತ್ತಾರೆ, ಏಕೆಂದರೆ ಕಂತು ಕೈಗೆಟಕುವಷ್ಟು ಸಣ್ಣದಾಗಿ ಕಾಣುತ್ತದೆ. ಬಡ್ಡಿ ಹೇಳುವಾಗಲೂ ಒಂದು ಮರೆ ಇರುತ್ತದೆ. ಒಂದು ಲಕ್ಷ ಸಾಲ, ಎರಡು ವರ್ಷ, ಶೇ. 12 ‘ಫ್ಲಾಟ್’ ಬಡ್ಡಿ ಎನ್ನುತ್ತಾರೆ ಎಂದಿಟ್ಟುಕೋ. ಬಡ್ಡಿ 24,000, ಒಟ್ಟು 1,24,000, ತಿಂಗಳ ಕಂತು ಸುಮಾರು 5,167. ಲೆಕ್ಕ ಸರಿಯಾಗಿಯೇ ಕಾಣುತ್ತದೆ. ಆದರೆ ನೀನು ಪ್ರತಿ ತಿಂಗಳು ಅಸಲನ್ನೂ ತೀರಿಸುತ್ತಾ ಬಂದಿರುತ್ತೀಯ, ವರ್ಷ ಕಳೆಯುವ ಹೊತ್ತಿಗೆ ಅರ್ಧದಷ್ಟು ಅಸಲು ಅವರ ಕೈ ಸೇರಿರುತ್ತದೆ. ಅವರು ಮಾತ್ರ ಕೊನೆಯ ತಿಂಗಳವರೆಗೂ ಪೂರ್ತಿ ಒಂದು ಲಕ್ಷಕ್ಕೇ ಬಡ್ಡಿ ಹಾಕಿರುತ್ತಾರೆ. ಇಳಿಯುವ ಬಾಕಿಯ ಮೇಲೆ ಲೆಕ್ಕ ಹಾಕಿದರೆ ಅದು ವರ್ಷಕ್ಕೆ ಶೇ. 21ನ್ನೂ ಮೀರುತ್ತದೆ. ಬ್ಯಾಂಕಿನವರು ಇಳಿಯುವ ಬಾಕಿಯ ಮೇಲೆ ಶೇ. 14 ಎಂದರೆ, ಈ ಹನ್ನೆರಡಕ್ಕಿಂತ ಆ ಹದಿನಾಲ್ಕೇ ಎಷ್ಟೋ ಅಗ್ಗ.

ಇದನ್ನೆಲ್ಲ ನೀನೇ ಕೂತು ಗುಣಿಸಬೇಕಾಗಿಲ್ಲ. 2024ರ ಅಕ್ಟೋಬರ್‌ನಿಂದ, ವೈಯಕ್ತಿಕ ಸಾಲ ಕೊಡುವ ಬ್ಯಾಂಕಾಗಲಿ ಫೈನಾನ್ಸ್ ಕಂಪನಿಯಾಗಲಿ, ಸಾಲದ ಮುಖ್ಯ ವಿವರಗಳ ಒಂದು ಪಟ್ಟಿಯನ್ನು ಸಹಿಗೆ ಮೊದಲೇ ಕೊಡಬೇಕೆಂದು ರಿಸರ್ವ್ ಬ್ಯಾಂಕ್ ನಿಯಮ ಮಾಡಿದೆ. ಸಂಸ್ಕರಣಾ ಶುಲ್ಕ, ವಿಮೆ ಎಲ್ಲವನ್ನೂ ಸೇರಿಸಿದ ನಿಜವಾದ ವಾರ್ಷಿಕ ದರ ಅದರಲ್ಲಿರುತ್ತದೆ. ಪಟ್ಟಿ ಸಾಲಗಾರನಿಗೆ ಅರ್ಥವಾಗುವ ಭಾಷೆಯಲ್ಲಿ ಇರಬೇಕೆಂದೂ ಅದೇ ನಿಯಮ ಹೇಳುತ್ತದೆ. ಕನ್ನಡದಲ್ಲಿ ಕೊಡಿ ಎಂದು ಕೇಳು, ಸಂಕೋಚ ಬೇಡ. ಮನೆಗೆ ತಂದು ಇಬ್ಬರೂ ಓದಿ, ಒಂದು ರಾತ್ರಿ ಕಳೆಯಲಿ. ‘ಇವತ್ತೇ ಸಹಿ ಹಾಕಿದರೆ ಮಾತ್ರ ಈ ದರ’ ಎಂದು ಅವಸರಪಡಿಸುವ ಕಡೆಯಿಂದ ಎದ್ದು ಬಾ.

ಕ್ರೆಡಿಟ್ ಕಾರ್ಡಿನ ವಿಷಯ ಬೇರೆಯಾಗಿ ಹೇಳಬೇಕು. ನಮ್ಮೂರಲ್ಲಿ ಮೂರು ರೂಪಾಯಿ ಬಡ್ಡಿಗೆ ಸಾಲ ತಂದ ಎಂದರೆ ಜನ ಅಯ್ಯೋ ಪಾಪ ಎನ್ನುತ್ತಾರೆ. ನೂರಕ್ಕೆ ತಿಂಗಳಿಗೆ ಮೂರು, ವರ್ಷಕ್ಕೆ ಮೂವತ್ತಾರು. ಅನೇಕ ಕಾರ್ಡುಗಳಲ್ಲಿ ಬಾಕಿ ಉಳಿಸಿಕೊಂಡರೆ ಬೀಳುವುದು ತಿಂಗಳಿಗೆ ಮೂರೂವರೆ ರೂಪಾಯಿ ಬಡ್ಡಿ, ವರ್ಷಕ್ಕೆ ನಲವತ್ತೆರಡು. ಬಿಲ್ಲಿನ ಮೇಲೆ ‘ಕನಿಷ್ಠ ಪಾವತಿ’ ಎಂದು ಒಂದು ಸಣ್ಣ ಮೊತ್ತ ಇರುತ್ತದಲ್ಲ, ಅಪಾಯ ಇರುವುದು ಅಲ್ಲೇ. 50,000 ಬಾಕಿಗೆ ಶೇ. 5ರಂತೆ 2,500 ಕಟ್ಟಿದೆ ಎನ್ನು. ಅದರಲ್ಲಿ 1,750 ಬಡ್ಡಿಗೆ ಹೋಗುತ್ತದೆ, ಆ ಬಡ್ಡಿಯ ಮೇಲಿನ ಜಿಎಸ್‌ಟಿಗೆ 315. ಅಸಲಿನಲ್ಲಿ ಕಡಿಮೆಯಾಗುವುದು 435 ರೂಪಾಯಿ ಮಾತ್ರ. ಕಾರ್ಡು ಇಟ್ಟುಕೊಳ್ಳಿ, ಆದರೆ ಬಿಲ್ಲಿನ ಪೂರ್ತಿ ಮೊತ್ತ ಗಡುವಿನೊಳಗೆ ತಾನಾಗಿಯೇ ಖಾತೆಯಿಂದ ಹೋಗುವ ಹಾಗೆ ಬ್ಯಾಂಕಿಗೆ ಬರೆದುಕೊಡಿ. ಒಂದು ತಿಂಗಳು ಪೂರ್ತಿ ಕಟ್ಟಲು ಆಗಲಿಲ್ಲವೋ, ಆ ಬಾಕಿ ತೀರುವ ತನಕ ಕಾರ್ಡು ಬೀರುವಿನಲ್ಲಿರಲಿ.

ಉಳಿತಾಯದ ಬಗ್ಗೆ ನನಗೆ ಪಾಠ ಹೇಳಿದವರು ನಾನು ದುಡ್ಡು ವಸೂಲು ಮಾಡುತ್ತಿದ್ದ ಜನರೇ. ನಾನು ದಿನದಿನದ ಸಣ್ಣ ಉಳಿತಾಯ ಕೂಡಿಸುವ ಸೊಸೈಟಿಯ ಪಿಗ್ಮಿ ಸಂಗ್ರಾಹಕನಾಗಿ ಅಂಗಡಿ ಅಂಗಡಿ ತಿರುಗಿದವನೆಂದು ನಿನಗೆ ಗೊತ್ತು. ಆ ಪದ್ಧತಿ ನಮ್ಮ ಕರಾವಳಿಯದ್ದೇ. ಕೈಮಗ್ಗ ಕುಸಿದು ನೇಕಾರರು ಕಂಗಾಲಾಗಿದ್ದ ಕಾಲದಲ್ಲಿ, 1925ರಲ್ಲಿ, ಉಡುಪಿಯಲ್ಲಿ ಟಿ.ಎಂ.ಎ. ಪೈ, ಉಪೇಂದ್ರ ಪೈ, ವಾಮನ ಕುಡ್ವ ಸೇರಿ ಕಟ್ಟಿದ ಸಂಸ್ಥೆ ಮುಂದೆ ಸಿಂಡಿಕೇಟ್ ಬ್ಯಾಂಕ್ ಆಯಿತು. ಅವರು 1928ರಲ್ಲಿ ಪಿಗ್ಮಿ ಶುರುಮಾಡಿದಾಗ ದಿನಕ್ಕೆ ಎರಡಾಣೆ ಇದ್ದರೂ ಸಾಕಿತ್ತು. ಬ್ಯಾಂಕಿನ ಮೆಟ್ಟಿಲು ಹತ್ತದವರ ಬಾಗಿಲಿಗೆ ಬ್ಯಾಂಕೇ ಹೋಯಿತು. ನಾನು ಕಂಡದ್ದು ಇಷ್ಟು: ಮೀನು ಮಾರುವ ಹೆಂಗಸರು ಬುಟ್ಟಿ ಖಾಲಿಯಾದ ಕೂಡಲೇ, ಸಾಮಾನಿನ ಅಂಗಡಿ ಹೊಗುವ ಮೊದಲೇ ನನ್ನನ್ನು ಕರೆದು ಪಿಗ್ಮಿ ಕೊಡುತ್ತಿದ್ದರು. ಅವರ ಹಣ ಬೆಳೆಯಿತು. ಅವರಿಗಿಂತ ಹೆಚ್ಚು ವ್ಯಾಪಾರವಿದ್ದ ಕೆಲವರು ‘ಸಂಜೆ ಬನ್ನಿ’ ಎನ್ನುತ್ತಿದ್ದರು. ಸಂಜೆಗೆ ಉಳಿದಿರುತ್ತಿರಲಿಲ್ಲ. ಅವರಿಗೆ ಆಸೆ ಇರಲಿಲ್ಲವೆಂದಲ್ಲ, ಹೊತ್ತು ತಪ್ಪಿಸಿಕೊಂಡರು ಅಷ್ಟೆ.

ಆದ್ದರಿಂದ ನಿಮ್ಮ ಸಂಬಳ ಬೀಳುವ ದಿನವೇ, ಬಾಡಿಗೆಗಿಂತ ಮೊದಲು, ಒಂದು ಮೊತ್ತ ಆರ್‌ಡಿಗೆ, ಅಂದರೆ ತಿಂಗಳ ಕಂತಿನ ಠೇವಣಿಗೆ, ಹೋಗಲಿ. ಅಂಚೆ ಕಚೇರಿಯ ಐದು ವರ್ಷದ ಆರ್‌ಡಿಯಲ್ಲಿ ತಿಂಗಳಿಗೆ 2,000 ಹಾಕಿದರೆ ನೀವು ಕಟ್ಟುವುದು 1,20,000. ಶೇ. 6.7ರ ದರದಲ್ಲಿ ಕೈಗೆ ಬರುವುದು ಸುಮಾರು 1,42,700. ದೊಡ್ಡ ಲಾಭವೇನೂ ಅಲ್ಲ. ಆದರೆ ತಂಗಿಯ ಕಾಲೇಜು ಫೀಸಿಗೋ ಮನೆಯ ಮುಂಗಡಕ್ಕೋ ಯಾರ ಮುಂದೆಯೂ ನಿಲ್ಲಬೇಕಾಗುವುದಿಲ್ಲ. ಇದಕ್ಕೂ ಮೊದಲು ಆರು ತಿಂಗಳ ಮನೆಖರ್ಚಿನಷ್ಟು ಹಣ ಬೇರೆ ಖಾತೆಯಲ್ಲಿ ಕೂಡಲಿ. ನಿಮ್ಮದು ಖಾಸಗಿ ಕೆಲಸ, ಒಂದೇ ಇಮೇಲಿಗೆ ಹೋಗುವಂಥದ್ದು. ಈ ಹಣ ಕೂಡುವ ತನಕ ಕಾರಿನ ಮಾತು ಮುಂದೆ ಹೋದರೆ ಹೋಗಲಿ ಎಂದೇ ನನ್ನ ಅಭಿಪ್ರಾಯ.

ಹಣ ಎಲ್ಲಿ ಇಡುತ್ತೀರಿ ಎನ್ನುವುದೂ ನೋಡಿ. ಬ್ಯಾಂಕಿನ ಠೇವಣಿಗೆ ಒಬ್ಬರಿಗೆ ಒಂದು ಬ್ಯಾಂಕಿನಲ್ಲಿ, ಅಸಲು ಬಡ್ಡಿ ಸೇರಿ, 5 ಲಕ್ಷದವರೆಗೆ ಠೇವಣಿ ವಿಮೆ ಇದೆ. ಪತ್ತಿನ ಸಹಕಾರ ಸಂಘಗಳಿಗೆ ಆ ವಿಮೆ ಇಲ್ಲ. ನಾನು ಸೊಸೈಟಿಯ ಅನ್ನ ಉಂಡವನು, ಗದಗದ ಹತ್ತಿರದ ಕಣಗಿನಹಾಳದಲ್ಲಿ 1905ರಲ್ಲಿ ಶುರುವಾದ ಸಹಕಾರದ ಬಗ್ಗೆ ನನಗೆ ತುಂಬ ಗೌರವವಿದೆ. ಆದರೂ ನಿಮ್ಮ ಆಪತ್ತಿನ ಹಣ ಅರ್ಧ ಶೇಕಡಾ ಹೆಚ್ಚು ಬಡ್ಡಿಯ ಆಸೆಗೆ ವಿಮೆ ಇಲ್ಲದ ಕಡೆ ಹೋಗುವುದು ಬೇಡ. ಚೀಟಿ ಹಾಕುವುದಾದರೆ ನೋಂದಣಿಯಾದ ಚೀಟಿಗೆ ಮಾತ್ರ, ಸರ್ಕಾರದ ಎಂಎಸ್‌ಐಎಲ್ ಚೀಟಿಯೂ ಉಂಟು. ಪರಿಚಯದವರು, ಒಳ್ಳೆಯವರು ಎನ್ನುವುದು ಸಾಕಾಗುವುದಿಲ್ಲ.

ವಿಮೆಯನ್ನೂ ಮರೆಯಬೇಡಿ. ವರ್ಷಕ್ಕೆ 436 ರೂಪಾಯಿಯ ಪ್ರಧಾನಮಂತ್ರಿ ಜೀವನ ಜ್ಯೋತಿ, 20 ರೂಪಾಯಿಯ ಸುರಕ್ಷಾ ವಿಮೆ, ಎರಡನ್ನೂ ಇಬ್ಬರೂ ಬ್ಯಾಂಕಿನಲ್ಲಿ ಬರೆದುಕೊಡಿ. ಆಫೀಸಿನ ಆರೋಗ್ಯ ವಿಮೆ ಕೆಲಸ ಬಿಟ್ಟ ದಿನ ನಿಲ್ಲುತ್ತದೆ, ನಿಮ್ಮದೇ ಒಂದು ಇರಲಿ.

ಇನ್ನು ಜಾಮೀನು. ಇದರಲ್ಲಿ ನೊಂದ ಮನೆಗಳನ್ನು ನಾನು ಹತ್ತಿರದಿಂದ ನೋಡಿದ್ದೇನೆ, ಅದಕ್ಕೇ ಗಟ್ಟಿಯಾಗಿ ಹೇಳುತ್ತೇನೆ. ‘ಹೆಸರಿಗೊಂದು ಸಹಿ’ ಎಂದು ಕೇಳುತ್ತಾರೆ. ಹೆಸರಿಗೆ ಎನ್ನುವ ಜಾಮೀನು ಕಾನೂನಿನಲ್ಲಿ ಇಲ್ಲ. 1872ರ ಕರಾರು ಕಾಯಿದೆಯ ಪ್ರಕಾರ, ಕರಾರಿನಲ್ಲಿ ಬೇರೆ ರೀತಿ ಬರೆಯದಿದ್ದರೆ, ಸಾಲಗಾರನ ಹೊಣೆ ಎಷ್ಟೋ ಜಾಮೀನುದಾರನ ಹೊಣೆಯೂ ಅಷ್ಟೇ. ಸಾಲಗಾರನ ಆಸ್ತಿ ಮೊದಲು ಮುಟ್ಟಿ ಬನ್ನಿ ಎಂದು ಬ್ಯಾಂಕಿಗೆ ಹೇಳಲಾಗುವುದಿಲ್ಲ, ನೇರ ನಿನ್ನ ಸಂಬಳಕ್ಕೇ ಬರಬಹುದು. ಹಾಗೆಂದು ಕಷ್ಟದಲ್ಲಿರುವ ನೆಂಟರಿಗೆ ಬೆನ್ನು ತಿರುಗಿಸಬೇಡಿ. ಐದು ಲಕ್ಷಕ್ಕೆ ಸಹಿ ಕೇಳಿದವರಿಗೆ, ತಿರುಗಿ ಬಾರದಿದ್ದರೂ ನಿಮ್ಮ ಮನೆ ನಡೆಯುವಷ್ಟು ಹಣವನ್ನು, ಹತ್ತಿಪ್ಪತ್ತು ಸಾವಿರವನ್ನು, ಕೈಯಿಂದ ಕೊಟ್ಟುಬಿಡಿ. ಸಹಿ ಹಾಕಲೇಬೇಕಾದ ಸಂಬಂಧ ಎಂದರೆ, ಇಡೀ ಸಾಲ ನಮ್ಮದೇ ಎಂದುಕೊಂಡು ಇಬ್ಬರೂ ಒಪ್ಪಿದ ಮೇಲೆ ಹಾಕಿ. ಒಬ್ಬರಿಗೆ ತಿಳಿಯದಂತೆ ಇನ್ನೊಬ್ಬರು ಹಾಕಿದ ಸಹಿಯಿಂದ ಸಂಸಾರದಲ್ಲಿ ಆಗುವ ನೋವು ಸಾಲ ತೀರಿದ ಮೇಲೂ ಇರುತ್ತದೆ.

ಮತ್ತೆ ನಿಮ್ಮದೇ ಸಾಲದ ಮಾತಿಗೆ ಬಂದರೆ, ಎಲ್ಲ ಕಂತುಗಳೂ ಸೇರಿ ನಿಮ್ಮಿಬ್ಬರ ಆದಾಯದ ಮೂರನೇ ಒಂದು ಭಾಗ ದಾಟದಿರಲಿ. ವರ್ಷಕ್ಕೆ 3 ಲಕ್ಷದವರೆಗೆ ಆದಾಯವಿರುವ ಕುಟುಂಬಗಳಿಗೆ ಕೊಡುವ ಕಿರುಸಾಲದಲ್ಲಿ ಕಂತುಗಳು ಆದಾಯದ ಅರ್ಧವನ್ನು ಮೀರಬಾರದೆಂದು ರಿಸರ್ವ್ ಬ್ಯಾಂಕ್ 2022ರಲ್ಲಿ ಹೇಳಿತು. ಅದು ಸಾಲ ಕೊಡುವವರಿಗೆ ಹಾಕಿದ ಬೇಲಿ, ಅಲ್ಲಿಯವರೆಗೂ ಹೋಗಬಹುದು ಎಂದು ನಮಗೆ ಕೊಟ್ಟ ಅಪ್ಪಣೆಯಲ್ಲ. ಬೋನಸ್ ಬಂದರೆ ಹೆಚ್ಚು ಬಡ್ಡಿಯ ಸಾಲಕ್ಕೆ ಮೊದಲು ಕಟ್ಟಿ. ಮುಂದೆ ಮನೆಸಾಲ ಮಾಡಿದರೆ ನೆನಪಿಡಿ, ಬದಲಾಗುವ ದರದ ಮನೆಸಾಲವನ್ನು ಅವಧಿಗೆ ಮುಂಚೆ ತೀರಿಸಿದರೆ ದಂಡ ಹಾಕುವಂತಿಲ್ಲ.

ಅಜ್ಜಿಯ ಕಾಲದ ಸರ ನಿನ್ನ ಹತ್ತಿರ ಇದೆ. ಚಿನ್ನ ಅಡವಿಡುವುದು ಅವಮಾನವಲ್ಲ, ಆಸ್ಪತ್ರೆಗೆ ಓಡುವ ಹೊತ್ತಿಗೆ ಅದು ಕೈಹಿಡಿಯುತ್ತದೆ. ಆದರೆ ಬಿಡಿಸುವ ಹಣ ಎಲ್ಲಿಂದ, ಯಾವ ತಿಂಗಳು ಎಂದು ಬರೆದಿಟ್ಟೇ ಅಡವಿಡು. ವರ್ಷ ವರ್ಷ ಬಡ್ಡಿ ಮಾತ್ರ ಕಟ್ಟಿ ಮುಂದೂಡಿದ ಒಡವೆಗಳು ಹರಾಜಿಗೆ ಹೋದದ್ದನ್ನು ಊರಲ್ಲಿ ಬಹಳ ಕಂಡಿದ್ದೇನೆ.

ಇಷ್ಟೆಲ್ಲ ನೋಡಿಕೊಂಡರೂ ಒಂದು ದಿನ ಕಂತು ತಪ್ಪುವ ಹಾಗಾದರೆ, ಮೊಬೈಲ್ ಆ್ಯಪಿನಲ್ಲಿ ಇನ್ನೊಂದು ಸಾಲ ತೆಗೆದು ಇದನ್ನು ಕಟ್ಟಬೇಡಿ. ಒಂದು ಸಾಲಕ್ಕೆ ಇನ್ನೊಂದು ತಂದ ದಿನದಿಂದಲೇ ಲೆಕ್ಕ ಕೈತಪ್ಪುತ್ತದೆ. ಮೊದಲು ಅಪ್ಪನಿಗೆ, ಅಮ್ಮನಿಗೆ, ನನಗೆ ಹೇಳಿ, ಯಾರೂ ಬೈಯುವುದಿಲ್ಲ. ಬ್ಯಾಂಕಿನವರಾಗಲಿ ಅವರ ವಸೂಲಿಯವರಾಗಲಿ ಬೆಳಿಗ್ಗೆ 8ಕ್ಕೆ ಮೊದಲು, ಸಂಜೆ 7ರ ನಂತರ ಫೋನು ಮಾಡಿ ಕಾಡುವಂತಿಲ್ಲ. ಕಿರುಸಾಲದ ಹೆಸರಲ್ಲಿ ಮನೆಬಾಗಿಲಲ್ಲಿ ಬೆದರಿಸುವವರಿಗೆ ಹತ್ತು ವರ್ಷದವರೆಗೆ ಜೈಲು ಎಂದು ನಮ್ಮ ರಾಜ್ಯವೇ 2025ರಲ್ಲಿ ಕಾನೂನು ತಂದಿದೆ. ಗಡುವಿನ ದಿನ ಬರುವ ಮೊದಲೇ ನೀವೇ ಶಾಖೆಗೆ ಹೋಗಿ, ಇರುವ ಪರಿಸ್ಥಿತಿ ಹೇಳಿ, ಅವಧಿ ಹೆಚ್ಚಿಸಿ ಕಂತು ಇಳಿಸಿಕೊಡಿ ಎಂದು ಬರವಣಿಗೆಯಲ್ಲಿ ಅರ್ಜಿ ಕೊಡಿ. ಎರಡು ಪ್ರತಿ ಒಯ್ದು, ಒಂದರ ಮೇಲೆ ಸ್ವೀಕೃತಿಯ ಮುದ್ರೆಯನ್ನೂ ತಾರೀಕನ್ನೂ ಹಾಕಿಸಿಕೊಂಡು ಬನ್ನಿ.