ಕೊಂದದ್ದು ಹುಲಿಯೋ, ಜಿಂಕೆಯೋ?

ಪ್ರಶ್ನೆ: ಕನ್ನಡ ಮಾಧ್ಯಮದಲ್ಲಿ ಓದಿದವನು. ಬಂಡೀಪುರಕ್ಕೆ ಬರುವ ಪ್ರವಾಸಿಗರನ್ನು ಸಫಾರಿಗೆ ಕರೆದೊಯ್ಯುವ ಕೆಲಸ. ಇಂಗ್ಲಿಷ್ ಪದಗಳು ಬೇಕಾದಷ್ಟು ಗೊತ್ತು, ಆದರೆ ವಾಕ್ಯ ಕಟ್ಟಿದರೆ ತಪ್ಪಾಗುತ್ತದೆ. ಯಾಕೆ?
— ಓದುಗರೊಬ್ಬರು, ಗುಂಡ್ಲುಪೇಟೆ ತಾಲ್ಲೂಕು

ಉತ್ತರ: ನಿಮ್ಮ ತೊಡಕು ಪದಗಳದ್ದಲ್ಲ, ಅವು ನಿಲ್ಲುವ ಜಾಗದ್ದು. 'ಹುಲಿ ಜಿಂಕೆಯನ್ನು ಕೊಂದಿತು' ಎನ್ನಿ, 'ಜಿಂಕೆಯನ್ನು ಹುಲಿ ಕೊಂದಿತು' ಎನ್ನಿ, ಸತ್ತದ್ದು ಜಿಂಕೆಯೇ. 'ಅನ್ನು' ಪ್ರತ್ಯಯ ಇರುವವರೆಗೆ ಅರ್ಥ ಕೆಡುವುದಿಲ್ಲ. 'ದ ಟೈಗರ್ ಕಿಲ್ಡ್ ದ ಡಿಯರ್' ಎಂಬುದರಲ್ಲಿ ಎರಡು ಹೆಸರನ್ನು ಅದಲುಬದಲು ಮಾಡಿ ನೋಡಿ, ಜಿಂಕೆಯೇ ಹುಲಿಯನ್ನು ಕೊಂದಂತಾಗುತ್ತದೆ. ಸಾವಿರ ವರ್ಷದ ಹಿಂದೆ ಇಂಗ್ಲಿಷಿಗೂ ವಿಭಕ್ತಿ ಪ್ರತ್ಯಯಗಳಿದ್ದವು. ಕಾಲಕ್ರಮದಲ್ಲಿ ಅವು ಸವೆದವು. 'ಹಿ', 'ಹಿಮ್'ನಂಥ ಸರ್ವನಾಮಗಳಲ್ಲಿ ಕುರುಹು ಉಳಿದಿದೆ. ಪ್ರತ್ಯಯದ ಕೆಲಸವನ್ನು ಈಗ ಪದಗಳ ಕ್ರಮ ಮಾಡುತ್ತಿದೆ: ಮೊದಲು ಕರ್ತೃ, ಬೆನ್ನಿಗೇ ಕ್ರಿಯಾಪದ, ಆಮೇಲೆ ಕರ್ಮ.

ಇಷ್ಟು ಗೊತ್ತಿದ್ದವರೂ ಎಡವುವ ಜಾಗ ಇನ್ನೊಂದಿದೆ. 'ಕಾಡಿನಲ್ಲಿ ಹೋಗುತ್ತಿರುವಾಗ ಹುಲಿ ಕಾಣಿಸಿತು' ಎಂದರೆ ಹೋಗುತ್ತಿದ್ದವರು ನಾವು ಎಂದು ಕನ್ನಡದಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಅದನ್ನೇ 'ಡ್ರೈವಿಂಗ್ ಥ್ರೂ ದ ಫಾರೆಸ್ಟ್, ಎ ಟೈಗರ್ ಅಪಿಯರ್ಡ್' ಎಂದಿರೋ, ಜೀಪು ಓಡಿಸುತ್ತಿದ್ದದ್ದು ಹುಲಿ! ಅಂಥ ಅರ್ಧವಾಕ್ಯದ ನಂತರ ಬರುವ ಕರ್ತೃವೇ ಆ ಕೆಲಸಕ್ಕೂ ಕರ್ತೃ. ಆದ್ದರಿಂದ 'ಡ್ರೈವಿಂಗ್ ಥ್ರೂ ದ ಫಾರೆಸ್ಟ್, ವಿ ಸಾ ಎ ಟೈಗರ್' ಎನ್ನಬೇಕು. ನಮಗೆ ಕಂಡಿತು, ನನಗೆ ಗೊತ್ತು, ನನಗೆ ಬೇಕು — ಚತುರ್ಥಿಯಲ್ಲಿ ಇರುವ ಈ 'ನನಗೆ, ನಮಗೆ'ಗಳು ಇಂಗ್ಲಿಷಿನಲ್ಲಿ ಬಹುಪಾಲು 'ಐ', 'ವಿ' ಆಗಿ ವಾಕ್ಯದ ತಲೆಗೇ ಬಂದು ಕೂರುತ್ತವೆ. ಇದೊಂದು ಕೈವಶವಾದರೆ ಅರ್ಧ ತಪ್ಪು ತಾನಾಗಿ ಹೋಗುತ್ತದೆ ಎಂಬುದು ನನ್ನ ನಂಬಿಕೆ.

'ಬಂಡೀಪುರ 1973ರ ಹುಲಿ ಯೋಜನೆಯ ಮೊದಲ ಒಂಬತ್ತು ಕಾಡುಗಳಲ್ಲಿ ಒಂದು.' ಈ ವಾಕ್ಯದಲ್ಲಿ ಕ್ರಿಯಾಪದವೇ ಇಲ್ಲ, ಕನ್ನಡಕ್ಕೆ ಬೇಕಾಗಿಯೂ ಇಲ್ಲ. ಇಂಗ್ಲಿಷಿನಲ್ಲಿ 'ಬಂಡೀಪುರ್' ಆದಮೇಲೆ 'ವಾಸ್' ಬರಲೇಬೇಕು. ಈ ಕಾಡಿನ ನಡುವೆ ಹಾಯುವ ಹೆದ್ದಾರಿಯಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನಗಳನ್ನು ಏಕೆ ಬಿಡುವುದಿಲ್ಲ ಎಂದು ಪ್ರವಾಸಿಗರು ಕೇಳಿದಾಗಲೂ ಅಷ್ಟೇ. 'ವೆಹಿಕಲ್ಸ್ ನಾಟ್ ಅಲೋವ್ಡ್' ಎಂಬುದು ಫಲಕದ ಭಾಷೆ, ಮಾತಿನಲ್ಲಿ ನಡುವೆ 'ಆರ್' ಸೇರಲಿ.

'ಹುಲಿ ನಮ್ಮನ್ನು ನೋಡಿ, ಎದ್ದು, ಪೊದೆಯೊಳಗೆ ಹೋಯಿತು.' ನೋಡಿ, ಎದ್ದು ಎಂದು ಎಷ್ಟು ಬೇಕಾದರೂ ಪೋಣಿಸುವ ಸೊಗಸು ನಮ್ಮದು. ಇಂಗ್ಲಿಷಿನಲ್ಲಿ 'ದ ಟೈಗರ್ ಸಾ ಅಸ್, ಇಟ್ ಗಾಟ್ ಅಪ್, ಇಟ್ ವೆಂಟ್' ಎಂದು ಬರೀ ಅಲ್ಪವಿರಾಮದಿಂದ ಹೊಲಿದರೆ ಅದು ದೋಷ. 'ಸಾ ಅಸ್, ಗಾಟ್ ಅಪ್ ಆ್ಯಂಡ್ ವೆಂಟ್ ಇನ್‌ಟು ದ ಬುಷಸ್' ಎಂದರೆ ಸಾಕು. ಮತ್ತೊಂದು: ಹುಲಿ ಎಲ್ಲಿದೆ ಎಂದು ನೇರವಾಗಿ ಕೇಳುವಾಗ 'ವೇರ್ ಈಸ್ ದ ಟೈಗರ್' ಸರಿ. 'ಐ ಡೋಂಟ್ ನೋ' ಮುಂದೆ ಬಂದರೆ 'ವೇರ್ ದ ಟೈಗರ್ ಈಸ್' ಎಂದು ತಿರುಗಬೇಕು.

ಸಫಾರಿ ಮುಗಿದ ಮೇಲೆ ಆ ದಿನ ಹೇಳಿದ ನಾಲ್ಕು ಮಾತನ್ನು ಬರೆದುಕೊಂಡು, ಪ್ರತಿಯೊಂದು ಕ್ರಿಯಾಪದಕ್ಕೂ 'ಯಾರು?' ಎಂದು ಕೇಳಿ ನೋಡಿ. ಉತ್ತರ ಅದರ ಎಡಗಡೆಯೇ ಸಿಗಬೇಕು. ತಪ್ಪಾದೀತೆಂದು ಮಾತ್ರ ಬಾಯಿ ಕಟ್ಟಿಕೊಳ್ಳಬೇಡಿ. ಆ ಜೀಪಿನಲ್ಲಿ ಕಾಡನ್ನು ಬಲ್ಲವರು ನೀವು, ಬಂದವರು ಕೇಳಬೇಕಾದದ್ದು ನಿಮ್ಮ ಮಾತನ್ನೇ.