ಹೆತ್ತವರೇ, ಮಗುವಿನ ಓದಿನಲ್ಲಿ ನಿಮ್ಮ ಪಾಲೇನು?



"ಸಿಸ್ಟರ್, ನಾನು ಓದಿದ್ದು ನಾಲ್ಕನೇ ಕ್ಲಾಸು. ಇವನ ಅಪ್ಪ ಮುಂಬೈಯಲ್ಲಿ. ಇವನಿಗೆ ಮನೆಯಲ್ಲಿ ಪಾಠ ಹೇಳಿಕೊಡುವವರು ಯಾರು?" ನಂದಿಕೂರು, ಅಡ್ವೆ, ಪಲಿಮಾರು, ಎಲ್ಲೂರು ಕಡೆಯ ಅನೇಕ ತಾಯಂದಿರ ಚಿಂತೆ ಇದು. ಇದಕ್ಕೆ ನಮ್ಮ ಉತ್ತರ ಒಂದೇ. ಪಾಠ ಹೇಳಿಕೊಡುವುದು ಶಿಕ್ಷಕರ ಕೆಲಸ. ಪಾಠ ಕಲಿಯಲು ಮಗುವನ್ನು ಅಣಿಗೊಳಿಸುವುದು ಮನೆಯ ಕೆಲಸ. ಅದಕ್ಕೆ ಡಿಗ್ರಿ ಬೇಕಾಗಿಲ್ಲ.

ನಮ್ಮ ಉಡುಪಿ ಜಿಲ್ಲೆ ಓದಿನಲ್ಲಿ ಮುಂದಿದೆ. 2011ರ ಜನಗಣತಿಯಂತೆ ಇಲ್ಲಿನ ಸಾಕ್ಷರತೆ ಶೇ. 86ಕ್ಕಿಂತ ಹೆಚ್ಚು. 2024ರ ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ ಜಿಲ್ಲೆಗೆ ರಾಜ್ಯದಲ್ಲೇ ಮೊದಲ ಸ್ಥಾನ. ಇದು ಸಂತೋಷದ ವಿಷಯ. ಆದರೆ ಇಂಥ ಊರಿನಲ್ಲಿ ಹಿಂದುಳಿದ ಮಗುವಿಗೆ "ದಡ್ಡ" ಎಂಬ ಹೆಸರು ಬೇಗ ಅಂಟಿಕೊಳ್ಳುತ್ತದೆ. ಆ ಹೆಸರಿಡುವ ಮೊದಲು ಕೆಳಗಿನ ವಿಷಯಗಳನ್ನು ಪರಿಶೀಲಿಸಿ.

1. ಮೊದಲು ಕಣ್ಣು, ಕಿವಿ ನೋಡಿ

ಒಬ್ಬ ತಾಯಿ ಮೂರನೇ ತರಗತಿಯ ಮಗನನ್ನು ಜ್ವರಕ್ಕೆಂದು ಕರೆತಂದಿದ್ದರು. ಹೋಗುವಾಗ, "ಇವನ ತಲೆಗೆ ಏನೂ ಹತ್ತುವುದಿಲ್ಲ, ಬೋರ್ಡಿನಲ್ಲಿದ್ದುದನ್ನೂ ತಪ್ಪು ಬರೆಯುತ್ತಾನೆ, ಹೊಡೆದು ಸಾಕಾಯಿತು" ಎಂದರು. ಕಣ್ಣು ಪರೀಕ್ಷಿಸಿದಾಗ ದೂರದ ಅಕ್ಷರ ಅವನಿಗೆ ಕಾಣುತ್ತಲೇ ಇರಲಿಲ್ಲ. "ಮೊದಲೇ ಯಾಕೆ ಹೇಳಲಿಲ್ಲ?" ಎಂದು ಕೇಳಿದರೆ, "ಎಲ್ಲರಿಗೂ ಹಾಗೆಯೇ ಕಾಣುವುದು ಅಂದುಕೊಂಡೆ" ಎಂದ. ತಾಯಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಸುಮ್ಮನೆ ಕುಳಿತರು.

ಮಗು ಪುಸ್ತಕವನ್ನು ಮೂಗಿನ ಹತ್ತಿರ ಹಿಡಿಯುವುದು, ಕಣ್ಣು ಕಿರಿದು ಮಾಡಿ ನೋಡುವುದು, ಟಿವಿಯ ಹತ್ತಿರವೇ ಹೋಗಿ ಕೂರುವುದು, ಪದೇಪದೇ ತಲೆನೋವು ಎನ್ನುವುದು: ಇವು ದೃಷ್ಟಿದೋಷದ ಲಕ್ಷಣಗಳಿರಬಹುದು.

ಕಿವಿಯ ತೊಂದರೆ ಇನ್ನೂ ಗುಟ್ಟಾಗಿರುತ್ತದೆ. ನಮ್ಮ ಕರಾವಳಿಯ ಮಳೆಗಾಲದಲ್ಲಿ ಮಕ್ಕಳಿಗೆ ಶೀತ ತಪ್ಪಿದ್ದಲ್ಲ. ಶೀತವಾದಾಗ ಕಿವಿತಮಟೆಯ ಹಿಂದೆ ನೀರು ನಿಂತರೆ ನೋವಿಲ್ಲದೆಯೂ ಶ್ರವಣ ಮಂದವಾಗುತ್ತದೆ. ಹಿಂದಿನಿಂದ ಕರೆದರೆ ತಿರುಗದ, "ಆಂ? ಏನು?" ಎಂದು ಮತ್ತೆ ಮತ್ತೆ ಕೇಳುವ ಮಗು ಉದಾಸೀನ ಮಾಡುತ್ತಿರಲಿಕ್ಕಿಲ್ಲ, ಅದಕ್ಕೆ ಸರಿಯಾಗಿ ಕೇಳಿಸದಿರಬಹುದು. ಸೋರುವ ಕಿವಿಗೆ ತೆಂಗಿನೆಣ್ಣೆ ಬಿಡಬೇಡಿ, ಕಡ್ಡಿ ಹಾಕಬೇಡಿ. ವೈದ್ಯರಿಗೆ ತೋರಿಸಿ.

2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಸರಕಾರಿ ಮತ್ತು ಅನುದಾನಿತ ಶಾಲೆಯ ಮಕ್ಕಳಿಗೆ ವರ್ಷಕ್ಕೊಮ್ಮೆ, ಅಂಗನವಾಡಿ ಮಕ್ಕಳಿಗೆ ಎರಡು ಬಾರಿ ಆರೋಗ್ಯ ತಪಾಸಣೆಯಾಗಬೇಕು. ಆ ದಿನ ಮಗುವನ್ನು ಶಾಲೆ ತಪ್ಪಿಸಬೇಡಿ. ಚೀಟಿ ಕೊಟ್ಟರೆ ಕಪಾಟಿನಲ್ಲಿಡದೆ ಮುಂದಿನ ಪರೀಕ್ಷೆಗೆ ಕರೆದೊಯ್ಯಿರಿ.

2. ಹೊಟ್ಟೆ ಮತ್ತು ನಿದ್ರೆ

ಬರಿ ಚಹಾ ಕುಡಿದು ಬಸ್ಸಿಗೆ ಓಡಿದ ಮಗುವಿನ ಮನಸ್ಸು ಮಧ್ಯಾಹ್ನದ ಊಟದ ಗಂಟೆಯ ಮೇಲಿರುತ್ತದೆ. ದೋಸೆಯಾಗಲಿ, ಕುಚ್ಚಲಕ್ಕಿ ಗಂಜಿಯಾಗಲಿ, ಏನಾದರೂ ಉಣ್ಣಿಸಿ ಕಳುಹಿಸಿ. ರಕ್ತಹೀನತೆ ಇರುವ ಮಗು ಬೇಗ ದಣಿಯುತ್ತದೆ, ಪಾಠದಲ್ಲಿ ಗಮನ ನಿಲ್ಲುವುದಿಲ್ಲ. ಹುರುಳಿ, ಹೆಸರು, ನುಗ್ಗೆಸೊಪ್ಪು, ಮೊಟ್ಟೆ, ಮೀನು: ನಿಮ್ಮ ಮನೆಯ ಪದ್ಧತಿಗೆ ಹೊಂದುವುದನ್ನು ಕೊಡಿ. ಜೊತೆಗೆ ಲಿಂಬೆ ಅಥವಾ ನೆಲ್ಲಿಕಾಯಿ ಇದ್ದರೆ ಕಬ್ಬಿಣಾಂಶ ಚೆನ್ನಾಗಿ ಹೀರಲ್ಪಡುತ್ತದೆ. ಊಟದ ಜೊತೆ ಚಹಾ ಬೇಡ. ಶಾಲೆಯಲ್ಲಿ ಕೊಡುವ ಜಂತುಹುಳುವಿನ ಮಾತ್ರೆಯನ್ನೂ ಕಬ್ಬಿಣದ ಮಾತ್ರೆಯನ್ನೂ ತಪ್ಪಿಸಬೇಡಿ.

6ರಿಂದ 12 ವರ್ಷದ ಮಗುವಿಗೆ ದಿನಕ್ಕೆ 9ರಿಂದ 12 ಗಂಟೆ ನಿದ್ರೆ ಬೇಕು. ಹದಿಹರೆಯದವರಿಗೆ 8ರಿಂದ 10 ಗಂಟೆ. ಕಲಿತದ್ದು ನೆನಪಿನಲ್ಲಿ ಗಟ್ಟಿಯಾಗಲು ನಿದ್ರೆ ಅಗತ್ಯ. ಊರಿನಲ್ಲಿ ಆಟ, ನೇಮ ಇದ್ದಾಗ ಮಕ್ಕಳನ್ನು ಕರೆದೊಯ್ಯಿರಿ, ಅಲ್ಲಿಯೂ ಕಲಿಕೆ ಇದೆ. ಆದರೆ ಮರುದಿನ ಶಾಲೆ ಇದ್ದರೆ ಬೇಗ ಮನೆಗೆ ಕರೆತನ್ನಿ. ಮೊಬೈಲು ಮಲಗುವ ಕೋಣೆಯಲ್ಲಿ ಬೇಡ. ಈ ನಿಯಮ ದೊಡ್ಡವರಿಗೂ ಇದ್ದರೆ ಮಾತ್ರ ಮಕ್ಕಳು ಪಾಲಿಸುತ್ತಾರೆ.

3. ಮನೆಯಲ್ಲಿ ತುಳು ಮಾತಾಡಿದರೆ ಶಾಲೆಯ ಭಾಷೆ ಬಾರದೇ?

ಬರುತ್ತದೆ. ತುಳುವೋ ಕೊಂಕಣಿಯೋ ಬ್ಯಾರಿಯೋ, ನಿಮಗೆ ಸರಾಗವಾಗಿ ಬರುವ ಭಾಷೆಯಲ್ಲೇ ಮಗುವಿನೊಂದಿಗೆ ಧಾರಾಳವಾಗಿ ಮಾತಾಡಿ. ಅರಕು ಮುರುಕು ಇಂಗ್ಲಿಷಿನಲ್ಲಿ "ಕಮ್, ಸಿಟ್, ಈಟ್" ಎನ್ನುವುದಕ್ಕಿಂತ ಅಜ್ಜಿ ತುಳುವಿನಲ್ಲಿ ಹೇಳುವ ಕಥೆ ಮೇಲು. ಮನೆಮಾತಿನಲ್ಲಿ ಕಾರಣ ಕೇಳಲು, ವಿವರಿಸಲು ಕಲಿತ ಮಗುವಿಗೆ ಕನ್ನಡ, ಇಂಗ್ಲಿಷ್ ಕಲಿಯುವುದು ಸುಲಭವಾಗುತ್ತದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಸಾಧ್ಯವಾದಲ್ಲೆಲ್ಲ ಕನಿಷ್ಠ ಐದನೇ ತರಗತಿಯವರೆಗೆ ಮನೆಮಾತು ಅಥವಾ ಸ್ಥಳೀಯ ಭಾಷೆಯಲ್ಲಿ ಕಲಿಸಬೇಕೆಂದು ಹೇಳುತ್ತದೆ.

4. ಓದು ಬಾರದ ತಾಯಿಯೂ ಓದಿಸಬಹುದು

ಸಂಜೆ ನೀವು ಬೀಡಿ ಕಟ್ಟುವಾಗ ಅಥವಾ ಅಡುಗೆ ಮಾಡುವಾಗ ಮಗು ಪಾಠವನ್ನು ಗಟ್ಟಿಯಾಗಿ ಓದಲಿ. ಹದಿನೈದು ನಿಮಿಷ ಸಾಕು. ಓದಿದ ಮೇಲೆ, "ಇದರಲ್ಲಿ ಏನಿದೆ? ನನಗೆ ಅರ್ಥವಾಗುವ ಹಾಗೆ ಹೇಳು" ಎನ್ನಿ. ನಿಮಗೆ ತಿಳಿಯದಿರುವುದೇ ಇಲ್ಲಿ ಅನುಕೂಲ. ಅಮ್ಮನಿಗೆ ಬಿಡಿಸಿ ಹೇಳುವಾಗ ಮಗುವಿಗೆ ತನಗೆ ಎಲ್ಲಿ ಅರ್ಥವಾಗಿಲ್ಲ ಎಂಬುದು ತಿಳಿಯುತ್ತದೆ.

ಲೆಕ್ಕವೂ ಮನೆಯಲ್ಲೇ ಇದೆ. 25 ಬೀಡಿಯ ಒಂದು ಕಟ್ಟಾದರೆ 1000 ಬೀಡಿಗೆ ಎಷ್ಟು ಕಟ್ಟು ಎಂದು ಕೇಳಿ. ಆದರೆ ಬಾಯಿಲೆಕ್ಕ ಮಾತ್ರ. ಹೊಗೆಸೊಪ್ಪನ್ನು ಮಗುವಿನ ಕೈಗೆ ಕೊಡಬೇಡಿ, ಅದರ ವಿಷ ಚರ್ಮದ ಮೂಲಕವೂ ದೇಹ ಸೇರುತ್ತದೆ. ಅಡ್ವೆ ನಂದಿಕೂರು ಕಂಬಳಕ್ಕೆ ಹೋದರೆ ಎರಡು ಜೋಡಿ ಕೋಣಗಳ ಓಟದ ಸಮಯವನ್ನು ಬರೆದುಕೊಂಡು ವ್ಯತ್ಯಾಸ ಕಳೆಯಲಿ, ದಶಮಾಂಶ ತಾನಾಗಿ ಬರುತ್ತದೆ. ನಂದಿಕೂರು ರೈಲು ನಿಲ್ದಾಣದ ವೇಳಾಪಟ್ಟಿಯನ್ನು ಅವಳೇ ಓದಿ ಹೇಳಲಿ. ದೂರದಲ್ಲಿರುವ ತಂದೆಯವರು ಫೋನಿನಲ್ಲಿ "ಎಷ್ಟು ಮಾರ್ಕು?" ಎನ್ನುವ ಬದಲು "ಇವತ್ತು ಏನು ಕಲಿತೆ?" ಎಂದು ಕೇಳಿ.

5. ಹೊಡೆತದಿಂದ ಓದು ಬಾರದು

ಹೆದರಿದ ಮಗು ಓದುವುದಿಲ್ಲ, ಓದುವಂತೆ ನಟಿಸುತ್ತದೆ. ಪಕ್ಕದ ಮನೆಯ ಮಗುವಿನೊಂದಿಗೆ ಹೋಲಿಸಬೇಡಿ. "ನಿನ್ನೆ ಎರಡು ಸಾಲು ಓದಿದ್ದೆ, ಇವತ್ತು ನಾಲ್ಕು ಓದಿದೆ" ಎಂದು ಅವನ ನಿನ್ನೆಯೊಂದಿಗೇ ಹೋಲಿಸಿ. 2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯ್ದೆ ಶಾಲೆಯಲ್ಲಿ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಮನೆಯಲ್ಲಿಯೂ ಅದೇ ಕಾನೂನು ಇರಲಿ.

ಮಗು ಏಕಾಏಕಿ ಊಟ ಬಿಟ್ಟರೆ, ಮಂಕಾದರೆ, "ನಾನಿದ್ದು ಏನು ಪ್ರಯೋಜನ" ಎಂದರೆ ಹಗುರವಾಗಿ ತೆಗೆದುಕೊಳ್ಳಬೇಡಿ. ಒಂಟಿಯಾಗಿ ಬಿಡದೆ ಕೂಡಲೇ ವೈದ್ಯರಲ್ಲಿಗೆ ಕರೆತನ್ನಿ. 14416 ಸಂಖ್ಯೆಯ ಟೆಲಿ ಮಾನಸ್ ಸಹಾಯವಾಣಿ ಉಚಿತ.

6. ಶಾಲೆಗೆ ಹೋಗಿ ಬನ್ನಿ

ಪೋಷಕರ ಸಭೆಗೆ ಹೋಗಲು ಸಂಕೋಚ ಬೇಡ. "ನನ್ನ ಮಗುವಿಗೆ ಯಾವುದು ಚೆನ್ನಾಗಿ ಬರುತ್ತದೆ? ಯಾವುದು ಕಷ್ಟ? ಮನೆಯಲ್ಲಿ ನಾನೇನು ಮಾಡಲಿ?" ಈ ಮೂರು ಪ್ರಶ್ನೆ ಕೇಳಿದರೆ ಸಾಕು. ಕಣ್ಣು, ಕಿವಿಯ ತೊಂದರೆ ಇದ್ದರೆ ಶಿಕ್ಷಕರಿಗೆ ತಿಳಿಸಿ, ಮುಂದಿನ ಬೆಂಚಿನಲ್ಲಿ ಕೂರಿಸಲು ವಿನಂತಿಸಿ.

ನೆನಪಿಡಿ

• ಬೈಯುವ ಮೊದಲು ಕಣ್ಣು, ಕಿವಿ, ರಕ್ತ ಪರೀಕ್ಷೆ ಮಾಡಿಸಿ.
• ಬೆಳಗ್ಗೆ ತಿಂಡಿ, ರಾತ್ರಿ ಸಾಕಷ್ಟು ನಿದ್ರೆ.
• ದಿನಕ್ಕೆ ಹದಿನೈದು ನಿಮಿಷ ಮಗು ಓದಲಿ, ನೀವು ಕೇಳಿ.
• ಮನೆಮಾತಿನಲ್ಲಿ ಧಾರಾಳ ಮಾತು.

ಮೇಲೆ ಹೇಳಿದ ಹುಡುಗ ಕನ್ನಡಕ ಹಾಕಿಕೊಂಡು ಮತ್ತೆ ಬಂದಿದ್ದ. ಗೋಡೆಯ ಮೇಲಿನ ಲಸಿಕೆ ಪಟ್ಟಿಯನ್ನು ಬಾಗಿಲ ಬಳಿಯಿಂದಲೇ ಓದಿದ. ಒಂದು ಪದದಲ್ಲಿ ಎಡವಿದಾಗ ತಾಯಿ ಗದರಲಿಲ್ಲ. "ನಿಧಾನ, ಇನ್ನೊಮ್ಮೆ ಓದು ಮಗಾ" ಎಂದರು. ನಿಮ್ಮ ಮನೆಯಲ್ಲಿಯೂ ಇಂದು ಸಂಜೆ ಇದೇ ಮಾತಿನಿಂದ ಆರಂಭಿಸಿ.