ಬಡಿಸುವ ಕೈಗೂ ಒಂದು ತಟ್ಟೆ

ಆರೋಗ್ಯ ಪ್ರಶ್ನೋತ್ತರ

ಪ್ರಶ್ನೆ: ನನಗೆ 61 ವರ್ಷ. ಎತ್ತರ ಐದು ಅಡಿ, ತೂಕ 71 ಕಿಲೋ. ಹನ್ನೆರಡು ವರ್ಷದ ಹಿಂದೆ ಮುಟ್ಟು ನಿಂತಾಗ 60 ಕಿಲೋ ಇದ್ದೆ. ತಿನ್ನುವುದು ಎರಡೇ ಹೊತ್ತು, ಅದೂ ಮನೆಯವರೆಲ್ಲರಿಗಿಂತ ಕಡಿಮೆ. ಆದರೂ ಹೊಟ್ಟೆ ಬೆಳೆಯುತ್ತಿದೆ, ಮಂಡಿ ನೋಯುತ್ತಿದೆ. ಗಮನವಿಟ್ಟು ಊಟ ಮಾಡಿದರೆ ತೂಕ ಇಳಿಯುತ್ತದೆ ಎಂದು ಮಗಳು ಹೇಳುತ್ತಾಳೆ. ಊಟ ಮಾಡುವುದನ್ನೂ ಈ ವಯಸ್ಸಿನಲ್ಲಿ ಕಲಿಯಬೇಕೇ?
(ಗೃಹಿಣಿ, ದಾವಣಗೆರೆ)

ಉತ್ತರ: ನಿಮ್ಮ ಮಾತು ಸುಳ್ಳಲ್ಲ, ಲೆಕ್ಕದಲ್ಲಿ ಒಂದಿಷ್ಟು ಬಿಟ್ಟುಹೋಗಿದೆ ಅಷ್ಟೇ. ಕೂತು ಉಂಡದ್ದು ಎಲ್ಲರಿಗೂ ನೆನಪಿರುತ್ತದೆ, ನಿಂತು ತಿಂದದ್ದು ನೆನಪಿರುವುದಿಲ್ಲ. ಉಪ್ಪು ನೋಡಲು ಅಂಗೈಗೆ ಹಾಕಿಕೊಂಡ ಪಲ್ಯ, ಮೊಮ್ಮಗ ಬಿಟ್ಟ ಅರ್ಧ ದೋಸೆ, ಚೆಲ್ಲಲು ಮನಸ್ಸಾಗದೆ ಪಾತ್ರೆಯ ತಳದಿಂದ ಬಳಿದುಕೊಂಡ ಚಿತ್ರಾನ್ನ, ಸಂಜೆ ಮಾತಿನ ನಡುವೆ ಖಾಲಿಯಾದ ಮಂಡಕ್ಕಿ, ಜೊತೆಗೊಂದು ಮಿರ್ಚಿ. ಎರಡು ಚಮಚ ಸಕ್ಕರೆಯ ಚಹಾ ದಿನಕ್ಕೆ ನಾಲ್ಕು ಸಲ ಕುಡಿದರೆ ಸಕ್ಕರೆಯೇ 40 ಗ್ರಾಂ, ಅಂದರೆ 160 ಕ್ಯಾಲೊರಿ. ಒಂದು ದೊಡ್ಡ ಚಮಚ ಎಣ್ಣೆಯಲ್ಲಿ 120ಕ್ಕೂ ಹೆಚ್ಚು.

ದೇಹದ ಪಾಲೂ ಇದೆ. ಮುಟ್ಟು ನಿಂತ ಮೇಲೆ ಈಸ್ಟ್ರೊಜೆನ್ ಇಳಿಯುತ್ತದೆ. ಮೊದಲು ತೊಡೆ, ಪೃಷ್ಠಗಳಲ್ಲಿ ಸೇರುತ್ತಿದ್ದ ಕೊಬ್ಬು ಹೊಟ್ಟೆಯತ್ತ ಬರುತ್ತದೆ. ವಯಸ್ಸಾದಂತೆ ಸ್ನಾಯುವೂ ಕರಗುತ್ತದೆ. ಸುಮ್ಮನೆ ಕೂತಿದ್ದಾಗಲೂ ಶಕ್ತಿ ಖರ್ಚು ಮಾಡುವ ಅಂಗ ಅದು. ಹಾಗಾಗಿ ಮೂವತ್ತರಲ್ಲಿ ಕರಗುತ್ತಿದ್ದ ಊಟವೇ ಅರವತ್ತರಲ್ಲಿ ಮಿಕ್ಕಿ ಮೈಗೆ ಸೇರುತ್ತದೆ. ನಿಮ್ಮ ಬಿಎಂಐ 30 ದಾಟಿದೆ. ನಮ್ಮ ದೇಶದವರಿಗೆ ಅದು 23ರೊಳಗೆ, ಹೆಂಗಸರ ಸೊಂಟದ ಸುತ್ತಳತೆ 80 ಸೆಂಟಿಮೀಟರಿನೊಳಗೆ ಇದ್ದರೆ ಒಳ್ಳೆಯದು. ಥೈರಾಯ್ಡ್ ಪರೀಕ್ಷೆಯನ್ನೂ ಒಮ್ಮೆ ಮಾಡಿಸಿ.

ಇನ್ನು ಮಗಳ ಮಾತು. ಅಮೆರಿಕದ ಜಾನ್ ಕಬಟ್-ಜಿನ್ 1979ರಲ್ಲಿ ಆರಂಭಿಸಿದ ಒತ್ತಡ ನಿವಾರಣೆಯ ತರಗತಿಗಳಲ್ಲಿ ಒಂದು ಪ್ರಸಿದ್ಧ ಪಾಠವಿದೆ. ಒಂದೇ ಒಂದು ಒಣದ್ರಾಕ್ಷಿಯನ್ನು ನೋಡಿ, ಮೂಸಿ, ನಿಧಾನವಾಗಿ ಅಗಿದು ತಿನ್ನುವುದು. ನಿಮಗೆ ದ್ರಾಕ್ಷಿ ಬೇಡ, ಒಂದು ತಟ್ಟೆ ಸಾಕು. ಬೇಕಾದ್ದನ್ನೆಲ್ಲ ಒಂದೇ ಸಲ ಬಡಿಸಿಕೊಂಡು, ಟಿವಿ, ಮೊಬೈಲು ಆರಿಸಿ ಕೂತುಕೊಳ್ಳಿ. ಅರ್ಧ ಉಂಡ ಮೇಲೆ ಒಂದು ನಿಮಿಷ ಕೈ ನಿಲ್ಲಿಸಿ, ಇನ್ನೂ ಹಸಿವಿದೆಯೇ ಎಂದು ಕೇಳಿಕೊಳ್ಳಿ. ಹೊಟ್ಟೆ ತುಂಬಿದ ಸುದ್ದಿ ಮಿದುಳಿಗೆ ಪೂರ್ತಿ ಮುಟ್ಟಲು ಸುಮಾರು 20 ನಿಮಿಷ ಬೇಕು. ಹತ್ತು ನಿಮಿಷದಲ್ಲಿ ಊಟ ಮುಗಿಸಿದರೆ ಸುದ್ದಿ ಬರುವ ಹೊತ್ತಿಗೆ ತಟ್ಟೆ ತೊಳೆದಾಗಿರುತ್ತದೆ.

ಇದು ಮಂತ್ರವಲ್ಲ ಎಂಬುದನ್ನೂ ಹೇಳಬೇಕು. ಬೇಸರಕ್ಕೆ, ಚಟಕ್ಕೆ ತಿನ್ನುವುದು ಇದರಿಂದ ಕಡಿಮೆಯಾಗುತ್ತದೆ. ತೂಕದ ಮಟ್ಟಿಗೆ ಬೇರೆ ಪಥ್ಯಗಳಿಗಿಂತ ಹೆಚ್ಚೇನೂ ಇಳಿಸುವುದಿಲ್ಲ. ಆದರೆ ಎಲ್ಲಿ ಕಡಿಮೆ ಮಾಡಬೇಕೆಂಬುದನ್ನು ತೋರಿಸಿಕೊಡುತ್ತದೆ. ಮೂರು ದಿನ ಬಾಯಿಗೆ ಹೋದದ್ದನ್ನೆಲ್ಲ ಬರೆದಿಡಿ, ಅಂಗೈಯ ಪಲ್ಯವನ್ನೂ ಸೇರಿಸಿ. ನಾಲ್ಕು ತಿಂಗಳಲ್ಲಿ ಮೂರೂವರೆ ಕಿಲೋ ಇಳಿದರೆ ಸಾಕು. ಒಂದು ಕಿಲೋ ಇಳಿದರೆ ಪ್ರತಿ ಹೆಜ್ಜೆಗೂ ಮಂಡಿಯ ಮೇಲಿನ ಭಾರ ಸುಮಾರು ನಾಲ್ಕು ಕಿಲೋ ಇಳಿಯುತ್ತದೆ.

ಪ್ರಶ್ನೆ: ನಿಧಾನವಾಗಿ ಮೂವತ್ತೆರಡು ಸಲ ಅಗಿದು ತಿನ್ನಿ ಅಂತಾರೆ. ಮುದ್ದೆಯನ್ನು ಯಾರಾದರೂ ಅಗಿಯುತ್ತಾರಾ ಡಾಕ್ಟ್ರೇ? ನುಂಗೋದು ತಾನೇ! ಮುದ್ದೆ ಬಿಟ್ಟು ಚಪಾತಿ ತಿನ್ನಬೇಕಾ? ನನಗೆ 66 ವರ್ಷ, ದವಡೆ ಹಲ್ಲು ಬಿದ್ದಿವೆ.
(ರೈತ ಮಹಿಳೆ, ಮಂಡ್ಯ ಜಿಲ್ಲೆ)

ಉತ್ತರ: ಮುದ್ದೆ ಬಿಡಬೇಡಿ, ಅಗಿಯಲೂ ಬೇಡಿ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ನಾರೂ ಇದೆ. ನಿಮ್ಮ ಮೂಳೆಗೆ ಅದು ಬೇಕು. ಆದರೆ ಅದೇ ನೂರು ಗ್ರಾಂ ಹಿಟ್ಟಿನಲ್ಲಿ 320 ಕ್ಯಾಲೊರಿಯೂ ಇದೆ. ಗದ್ದೆ ಕೆಲಸದ ದಿನಗಳ ಮುದ್ದೆಯ ಗಾತ್ರವನ್ನು ಈಗಲೂ ಉಳಿಸಿಕೊಂಡಿದ್ದರೆ ಅದನ್ನು ನಿಮ್ಮ ಮುಷ್ಟಿಯಷ್ಟಕ್ಕೆ ಇಳಿಸಿ.

ನಿಧಾನ ಬರುವುದು ಸಾರಿನಿಂದ. ಬಸ್ಸಾರು ಮಾಡಿದ ದಿನ ಬಸಿದ ಸೊಪ್ಪು, ಕಾಳಿನ ಪಲ್ಯವನ್ನು ಮೊದಲು ತಿನ್ನಿ, ಮುದ್ದೆ ಆಮೇಲೆ. ಎರಡು ತುತ್ತಿನ ನಡುವೆ ನಾಲ್ಕು ಕಾಳು ಅಗಿಯಿರಿ. ರಾಗಿಯಲ್ಲಿ ಪ್ರೋಟೀನ್ ಕಡಿಮೆ, ಅದು ಬರಬೇಕಾದ್ದು ಹುರುಳಿ, ಅವರೆ, ಬೇಳೆ, ಮೊಟ್ಟೆ, ಮೀನು, ಮೊಸರಿನಿಂದ. ಈ ವಯಸ್ಸಿನಲ್ಲಿ ಕಿಲೋ ತೂಕಕ್ಕೆ ದಿನಕ್ಕೆ ಒಂದು ಗ್ರಾಂನಷ್ಟು ಪ್ರೋಟೀನ್ ಬೇಕು. ಒಂದು ಮೊಟ್ಟೆಯಲ್ಲಿ, ಒಂದು ಲೋಟ ಹಾಲಿನಲ್ಲಿ ತಲಾ ಆರು ಗ್ರಾಂ ಸಿಗುತ್ತದೆ. ಮೂತ್ರಪಿಂಡದ ತೊಂದರೆ ಇದ್ದರೆ ಮಾತ್ರ ವೈದ್ಯರನ್ನು ಕೇಳಿ.

ಹಲ್ಲನ್ನು ಕಟ್ಟಿಸಿಕೊಳ್ಳಿ. ಹಲ್ಲಿಲ್ಲದವರು ಕಾಳು, ತರಕಾರಿ ಬಿಟ್ಟು ಮೆತ್ತಗಿನ ಅನ್ನ, ಬ್ರೆಡ್ಡು, ಬಿಸ್ಕತ್ತಿಗೆ ವಾಲುತ್ತಾರೆ. ಅಲ್ಲಿಯವರೆಗೆ ಕಾಳನ್ನು ಕುಕ್ಕರಿನಲ್ಲಿ ಎರಡು ಸೀಟಿ ಹೆಚ್ಚು ಕೂಗಿಸಿ.

ಪ್ರಶ್ನೆ: ಮೂರು ವರ್ಷದ ಹಿಂದೆ ಶಿಕ್ಷಕಿ ವೃತ್ತಿಯಿಂದ ನಿವೃತ್ತಳಾದೆ. ಮಕ್ಕಳಿಬ್ಬರೂ ಹೊರಗಿದ್ದಾರೆ, ಯಜಮಾನರು ಇಲ್ಲ. ಹಗಲು ಸರಿಯಾಗಿಯೇ ಇರುತ್ತೇನೆ. ರಾತ್ರಿ ಊಟ ಆದ ಮೇಲೆ ಧಾರಾವಾಹಿ ನೋಡುತ್ತಾ ಚೂಡಾದ ಡಬ್ಬಿ ಖಾಲಿಯಾಗುತ್ತದೆ. ಆಮೇಲೆ ನನ್ನ ಮೇಲೆ ನನಗೇ ಸಿಟ್ಟು.
(63 ವರ್ಷ, ಧಾರವಾಡ)

ಉತ್ತರ: ಸಿಟ್ಟು ಬೇಡ. ಸಿಟ್ಟಾದವರು ಮರುದಿನ ಉಪವಾಸ ಮಾಡುತ್ತಾರೆ, ಉಪವಾಸದ ರಾತ್ರಿ ಎರಡು ಡಬ್ಬಿ ಖಾಲಿಯಾಗುತ್ತದೆ.

ಹೊಟ್ಟೆಯ ಹಸಿವು ಮೆಲ್ಲಗೆ ಏರುತ್ತದೆ, ರೊಟ್ಟಿಯಾದರೂ ಸರಿ, ಮೊಸರನ್ನವಾದರೂ ಸರಿ ಎನ್ನುತ್ತದೆ. ಬೇಸರದ ಹಸಿವು ಥಟ್ಟನೆ ಬಂದು ಇಂಥದ್ದೇ ಬೇಕು ಎಂದು ಹಟ ಹಿಡಿಯುತ್ತದೆ. ಡಬ್ಬಿಗೆ ಕೈ ಹಾಕುವ ಮೊದಲು ಯಾವುದು ಬಂದಿದೆ ನೋಡಿ. ಬೇಸರದ್ದೇ ಆದರೂ ಪರವಾಗಿಲ್ಲ. ಚೂಡಾವನ್ನು ಸಣ್ಣ ಬಟ್ಟಲಿಗೆ ಹಾಕಿಕೊಂಡು, ಡಬ್ಬಿಯನ್ನು ಅಡುಗೆಮನೆಯ ಮೇಲಿನ ಕಪಾಟಿನಲ್ಲಿ ಇಟ್ಟುಬನ್ನಿ. ಟಿವಿಯ ಎದುರಲ್ಲ, ಊಟದ ಮೇಜಿನಲ್ಲಿ ಕೂತು ತಿನ್ನಿ. ಕಡಲೆ, ಕರಿಬೇವು, ಒಣಕೊಬ್ಬರಿ ಒಂದೊಂದರ ರುಚಿಯೂ ಗೊತ್ತಾಗಲಿ. ಮೊದಲ ನಾಲ್ಕು ತುತ್ತಿನಲ್ಲಿದ್ದ ರುಚಿ ಹತ್ತನೆಯದರಲ್ಲಿ ಇರುವುದಿಲ್ಲ ಎಂಬುದು ನಿಮಗೇ ತಿಳಿಯುತ್ತದೆ.

ಆ ಹೊತ್ತು ಖಾಲಿ ಇರುವುದೇ ನಿಜವಾದ ತೊಂದರೆ. ಮಕ್ಕಳಿಗೆ ಫೋನು ಮಾಡುವುದನ್ನು ರಾತ್ರಿ ಒಂಬತ್ತಕ್ಕೆ ಇಟ್ಟುಕೊಳ್ಳಿ. ಓಣಿಯ ಯಾವುದಾದರೂ ಮಗುವಿಗೆ ಪಾಠ ಹೇಳಿ. ಎರಡು ವಾರಕ್ಕೂ ಮೀರಿ ನಿದ್ದೆ ಕೆಟ್ಟು, ಯಾವುದರಲ್ಲೂ ಆಸಕ್ತಿ ಇಲ್ಲದಂತಾದರೆ ಮನೋವೈದ್ಯರನ್ನು ಕಾಣಿರಿ.

ಪ್ರಶ್ನೆ: ಸಕ್ಕರೆ ಕಾಯಿಲೆಗೆ ಮಾತ್ರೆ ತೆಗೆದುಕೊಳ್ಳುತ್ತೇನೆ. ತೂಕ ಇಳಿಸಲು ಒಂದು ತಿಂಗಳಿಂದ ಒಪ್ಪತ್ತು ಮಾಡುತ್ತಿದ್ದೇನೆ. ಬೆಳಗಿನ ಜಾವ ಬೆವರಿ, ಕೈ ನಡುಗಿ ಎಚ್ಚರವಾಗುತ್ತದೆ. ಅಭ್ಯಾಸವಾದರೆ ಸರಿಹೋಗುತ್ತದೆಯೇ?
(68 ವರ್ಷ, ಶಿವಮೊಗ್ಗ)

ಉತ್ತರ: ಸರಿಹೋಗುವುದಿಲ್ಲ, ಅಪಾಯವಿದೆ. ಇವು ರಕ್ತದ ಸಕ್ಕರೆ ಕುಸಿದ ಲಕ್ಷಣಗಳು. ಗ್ಲಿಮೆಪಿರೈಡ್, ಗ್ಲಿಬೆನ್‌ಕ್ಲಮೈಡ್‌ನಂಥ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಂಡು ಊಟ ಬಿಟ್ಟರೆ ಹೀಗಾಗುತ್ತದೆ. ಕತ್ತಲಲ್ಲಿ ತಲೆ ಸುತ್ತಿ ಬಿದ್ದರೆ ಸೊಂಟದ ಮೂಳೆ ಮುರಿಯಬಹುದು. ಇವತ್ತಿನಿಂದಲೇ ರಾತ್ರಿ ಊಟ ಮಾಡಿ, ಈ ವಾರವೇ ವೈದ್ಯರನ್ನು ಕಂಡು ಮಾತ್ರೆಯ ಪ್ರಮಾಣ ಸರಿಪಡಿಸಿಕೊಳ್ಳಿ. ನಡುಕ ಬಂದಾಗ ಮೂರು ಚಮಚ ಸಕ್ಕರೆಯನ್ನು ನೀರಿಗೆ ಕದಡಿ ಕುಡಿಯಿರಿ. ಗ್ಲುಕೋಮೀಟರ್ ಇದ್ದರೆ 15 ನಿಮಿಷದ ನಂತರ ನೋಡಿ, 70ಕ್ಕಿಂತ ಕಡಿಮೆ ಇದ್ದರೆ ಮತ್ತೆ ಅಷ್ಟೇ ಕುಡಿಯಿರಿ. ಗಮನವಿಟ್ಟು ಉಣ್ಣುವುದು ಎಂದರೆ ಹೊಟ್ಟೆ ತುಂಬಿದ್ದನ್ನು ಗಮನಿಸಿದಂತೆ ಹಸಿದದ್ದನ್ನೂ ಗಮನಿಸುವುದು.

ಪ್ರಶ್ನೆ: ಊರಿನಲ್ಲಿ ಒಬ್ಬರೇ ಇರುವ ನಮ್ಮಮ್ಮನಿಗೆ 74 ವರ್ಷ. ಯಾವ ಪಥ್ಯವನ್ನೂ ಮಾಡದೆ ಆರು ತಿಂಗಳಲ್ಲಿ 62 ಕಿಲೋದಿಂದ 56ಕ್ಕೆ ಇಳಿದಿದ್ದಾರೆ. 'ಮೈ ಹಗುರಾಯ್ತು' ಎಂದು ಅವರಿಗೆ ಖುಷಿ. ನಾವೂ ಖುಷಿಪಡಬಹುದೇ?
(ಮಗ, ಬೆಂಗಳೂರು)

ಉತ್ತರ: ಬೇಡ. ಪ್ರಯತ್ನವಿಲ್ಲದೆ ಆರು ತಿಂಗಳಿಂದ ವರ್ಷದೊಳಗೆ ತೂಕದ ನೂರಕ್ಕೆ ಐದು ಪಾಲು ಇಳಿದರೂ ಕಾರಣ ಹುಡುಕಬೇಕು. ನಿಮ್ಮ ತಾಯಿಗೆ ಹತ್ತರ ಹತ್ತಿರ ಇಳಿದಿದೆ. ಮಧುಮೇಹ, ಥೈರಾಯ್ಡ್, ಕ್ಷಯ, ಕ್ಯಾನ್ಸರ್, ಖಿನ್ನತೆ ಎಲ್ಲವನ್ನೂ ವೈದ್ಯರು ಪರೀಕ್ಷಿಸಬೇಕು. ಕೈ ಊರದೆ ಕುರ್ಚಿಯಿಂದ ಏಳಲು ಆಗುತ್ತದೆಯೇ ನೋಡಿ. ಆಗದಿದ್ದರೆ ಸ್ನಾಯುವೂ ಕರಗಿದೆ ಎಂದು ಅನುಮಾನಿಸಬೇಕು.

ಪರೀಕ್ಷೆಗೆ ಕರೆದೊಯ್ಯುವ ಮುನ್ನ ಎರಡು ದಿನ ಅವರ ಜೊತೆ ಉಳಿಯಿರಿ. 'ಒಬ್ಬಳಿಗೆಂಥ ಅಡುಗೆ' ಎಂದು ಮಜ್ಜಿಗೆ ಅನ್ನ, ಉಪ್ಪಿನಕಾಯಿಯಲ್ಲೇ ಮೂರು ಹೊತ್ತು ಕಳೆಯುತ್ತಿದ್ದಾರೋ ಏನೋ, ಫೋನಿನಲ್ಲಿ ಕೇಳಿದರೆ 'ಊಟ ಆಯ್ತು' ಎಂದಷ್ಟೇ ಹೇಳುತ್ತಾರೆ. ಅವರನ್ನು ಮೊದಲು ಕೂರಿಸಿ, ಬಡಿಸುವ ಕೆಲಸ ನೀವು ಮಾಡಿ. ಎಷ್ಟು ತುತ್ತಿಗೆ ಕೈ ತೊಳೆಯುತ್ತಾರೆ ಎಂಬುದನ್ನು ಗಮನಿಸಿ, ಡಾಕ್ಟರಿಗೆ ಅದನ್ನೂ ಹೇಳಿ.